ಸೂಕ್ಷ್ಮ ತರಂಗಗಳೂ ಅವುಗಳನ್ನು ಹೊರುವ ಹಲಗೆಯೂ

ರೇಡಿಯೋ ಪೆಟ್ಟಿಗೆಯನ್ನಾಗಲಿ ಗಣಕಯಂತ್ರವನ್ನಾಗಲಿ ಬಿಚ್ಚಿ ನೋಡಿದವರಿಗೆಲ್ಲ ಅದರೊಳಗಿನ ಹಸುರು ಬಣ್ಣದ ಹಲಗೆಯ ಪರಿಚಯವುಂಟು. ಅದರ ಮೇಲೆ ಕಪ್ಪು ಬಿಲ್ಲೆಗಳು ಸಾಲಾಗಿ ಕುಳಿತಿರುವುವು. ಅವುಗಳನ್ನು ಒಂದಕ್ಕೊಂದು ಕೂಡಿಸುವ ತಾಮ್ರದ ಗೆರೆಗಳು ಊರಿನ ಬೀದಿಗಳಂತೆ ಹರಡಿರುವುವು. ನೋಡುವವರ ಕಣ್ಣು ಮೊದಲು ಬಿಲ್ಲೆಗಳ ಮೇಲೆ, ಅನಂತರ ಗೆರೆಗಳ ಮೇಲೆ ಬೀಳುವುದು. ಹಲಗೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಊಟಕ್ಕೆ ಬಾಳೆಯೆಲೆ ಹೇಗೋ ವಿದ್ಯುನ್ಮಂಡಲಕ್ಕೆ ಈ ಹಲಗೆ ಹಾಗೆ. ಬಡಿಸಿದುದನ್ನು ಹೊತ್ತುಕೊಂಡಿರುವುದಷ್ಟೇ ಅದರ ಕೆಲಸವೆಂದು ಭಾವಿಸುವುದು ವಾಡಿಕೆ.

ಸಾಮಾನ್ಯ ಉಪಕರಣಗಳಲ್ಲಿ ಈ ಭಾವನೆಯಿಂದ ಹಾನಿಯೇನೂ ಆಗದು. ಆದರೆ ಸೆಕೆಂಡಿಗೆ ನೂರಾರು ಕೋಟಿ ಸಲ ಕಂಪಿಸುವ ಸೂಕ್ಷ್ಮ ತರಂಗಗಳ, ಎಂದರೆ ಮೈಕ್ರೋವೇವ್‌ಗಳ, ಪ್ರಪಂಚವನ್ನು ಹೊಕ್ಕೊಡನೆ ಈ ನಂಬಿಕೆ ತಲೆಕೆಳಗಾಗುವುದು. ಅಲ್ಲಿ ಹಲಗೆಯು ಬರಿಯ ಆಸರೆಯಲ್ಲ. ವಿದ್ಯುನ್ಮಂಡಲದ ಒಂದು ಅಂಗವೇ ಅದು. ತರಂಗವು ಎಷ್ಟು ವೇಗವಾಗಿ ಸಾಗಬೇಕು, ಎಷ್ಟು ಭಾಗ ದಾರಿಯಲ್ಲಿಯೇ ಶಾಖವಾಗಿ ಕರಗಬೇಕು, ಆಂಟೆನಾ ಯಾವ ದಿಕ್ಕಿಗೆ ನೋಡಬೇಕು ಎಂಬುದನ್ನೆಲ್ಲ ಹಲಗೆಯ ದ್ರವ್ಯವೇ ನಿರ್ಧರಿಸುವುದು. ಆ ದ್ರವ್ಯವನ್ನು ಆರಿಸುವುದು ಹೇಗೆ, ಅದರಲ್ಲಿರುವ ತೊಡಕುಗಳೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಹಲಗೆಯ ಸ್ವರೂಪ

ವಿದ್ಯುನ್ಮಂಡಲವನ್ನು ತಂತಿಗಳಿಂದ ಹೆಣೆಯುವುದಕ್ಕೆ ಬದಲಾಗಿ ಅವಾಹಕವಾದ ಹಲಗೆಯ ಮೇಲೆ ತಾಮ್ರದ ಹಾಳೆಯನ್ನು ಅಂಟಿಸಿ, ಬೇಡದ ತಾಮ್ರವನ್ನು ರಾಸಾಯನಿಕ ದ್ರಾವಣದಿಂದ ಕೊರೆದು ತೆಗೆಯುವ ವಿಧಾನವನ್ನು ಬೆಳೆಯಿಸಿದವರಲ್ಲಿ ಪೌಲ್ ಐಸ್ಲರ್ ಮುಖ್ಯನು. ವಿಯೆನ್ನಾದಲ್ಲಿ ಹುಟ್ಟಿದ ಈತ ೧೯೩೬ರಲ್ಲಿ ಇಂಗ್ಲೆಂಡಿಗೆ ವಲಸೆ ಹೋಗಿ, ಅಲ್ಲಿ ಇಂಥ ಹಲಗೆಯನ್ನುಳ್ಳ ರೇಡಿಯೋವನ್ನು ತಯಾರಿಸಿದನು. ಎರಡನೆಯ ಮಹಾಯುದ್ಧದ ತರುವಾಯ ಈ ವಿಧಾನ ಜಗತ್ತಿನಲ್ಲೆಲ್ಲ ಹರಡಿತು.

ಇಂದು ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಲ್ಲಿರುವ ಹಲಗೆಗೆ ಎಫ್‌ಆರ್-೪ ಎಂದು ಹೆಸರು. ಗಾಜಿನ ಎಳೆಗಳಿಂದ ನೆಯ್ದ ಬಟ್ಟೆಯನ್ನು ಎಪಾಕ್ಸಿ ಎಂಬ ರಾಳದಲ್ಲಿ ಅದ್ದಿ, ಪದರಪದರವಾಗಿ ಜೋಡಿಸಿ, ಮೇಲೆ ಕೆಳಗೆ ತಾಮ್ರದ ಹಾಳೆಯನ್ನಿಟ್ಟು, ಶಾಖ ಮತ್ತು ಒತ್ತಡಗಳಿಂದ ಗಟ್ಟಿಗೊಳಿಸಿದರೆ ಈ ಹಲಗೆ ಸಿದ್ಧವಾಗುವುದು. ತಾಮ್ರದ ದಪ್ಪ ಸಾಮಾನ್ಯವಾಗಿ ೩೫ ಮೈಕ್ರೋಮೀಟರು. ಒಂದು ಮೈಕ್ರೋಮೀಟರೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಈ ಹಲಗೆ ಗಟ್ಟಿಯಾದುದು, ಬೆಂಕಿಗೆ ಬೇಗ ಎಡೆಗೊಡದು, ಕೊರೆಯಲು ಸುಲಭ, ಎಲ್ಲಕ್ಕಿಂತ ಮಿಗಿಲಾಗಿ ಅಗ್ಗ. ಇಷ್ಟೆಲ್ಲ ಗುಣಗಳಿರುವಾಗ ಬೇರೆ ಹಲಗೆಯೇಕೆ ಬೇಕು ಎಂಬ ಪ್ರಶ್ನೆ ಸಹಜವಾದುದೇ. ಅದಕ್ಕೆ ಉತ್ತರವನ್ನು ತರಂಗದ ಉದ್ದದಲ್ಲಿ ಹುಡುಕಬೇಕು.

ತರಂಗದ ಉದ್ದ

ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಸಲ ದಿಕ್ಕು ಬದಲಿಸಿ ಮೊದಲಿನ ಸ್ಥಿತಿಗೆ ಬರುವುದು. ಬೆಳಕಿನ ವೇಗವಾದ ಸೆಕೆಂಡಿಗೆ ೩ ಲಕ್ಷ ಕಿಲೋಮೀಟರನ್ನು ೫೦ರಿಂದ ಭಾಗಿಸಿದರೆ ದೊರೆಯುವ ತರಂಗಾಂತರ ೬,೦೦೦ ಕಿಲೋಮೀಟರು. ಬೆಂಗಳೂರು ಆಕಾಶವಾಣಿಯನ್ನು ೬೧೨ ಕಿಲೋಹರ್ಟ್ಸ್ ಎಂಬ ಗುರುತಿನಲ್ಲಿ ಆಲಿಸಿದವರು ಬಹುಮಂದಿ. ಆ ತರಂಗದ ಉದ್ದ ಸುಮಾರು ೪೯೦ ಮೀಟರು. ಇಂಥ ತರಂಗಗಳ ಮುಂದೆ ಅಂಗೈಯಗಲದ ಹಲಗೆ ಒಂದು ಚುಕ್ಕೆಗೆ ಸಮಾನ. ತಾಮ್ರದ ಗೆರೆಯ ಈ ತುದಿಯಲ್ಲಿಯೂ ಆ ತುದಿಯಲ್ಲಿಯೂ ಒಂದೇ ಕಾಲಕ್ಕೆ ಒಂದೇ ವಿದ್ಯುತ್‌ಸ್ಥಿತಿ ಇರುವುದು. ಗೆರೆ ಬರಿಯ ದಾರಿ, ಹಲಗೆ ಬರಿಯ ನೆಲ.

ಸೂಕ್ಷ್ಮ ತರಂಗಗಳ ಮಾತೇ ಬೇರೆ. ಒಂದು ಮೀಟರಿನಿಂದ ಒಂದು ಮಿಲಿಮೀಟರಿನವರೆಗಿನ ಉದ್ದವುಳ್ಳ ತರಂಗಗಳಿಗೆ ಈ ಹೆಸರು ಸಲ್ಲುವುದು. ಮನೆಯ ಮಾಳಿಗೆಯ ಮೇಲೆ ಆಕಾಶಕ್ಕೆ ಮುಖಮಾಡಿ ನಿಂತಿರುವ ದೂರದರ್ಶನದ ಬೋಗುಣಿಯನ್ನೇ ತೆಗೆದುಕೊಳ್ಳೋಣ. ಅದು ಹಿಡಿಯುವುದು ೧೨ ಗಿಗಾಹರ್ಟ್ಸಿನ ಆಸುಪಾಸಿನ ತರಂಗಗಳನ್ನು. ಎಂದರೆ ಸೆಕೆಂಡಿಗೆ ೧,೨೦೦ ಕೋಟಿ ಕಂಪನ. ಗಾಳಿಯಲ್ಲಿ ಇದರ ಉದ್ದ ಎರಡೂವರೆ ಸೆಂಟಿಮೀಟರು. ಎಫ್‌ಆರ್-೪ ಹಲಗೆಯೊಳಗೆ ಸುಮಾರು ೧೨ ಮಿಲಿಮೀಟರು. ಅದರ ಕಾಲುಭಾಗವಾದ ೩ ಮಿಲಿಮೀಟರಿನಷ್ಟು ದೂರ ಸರಿದರೆ ಸಾಕು, ತರಂಗದ ಶಿಖರವಿದ್ದೆಡೆಯಲ್ಲಿ ಸೊನ್ನೆ ಇರುವುದು. ಇಲ್ಲಿ ತಾಮ್ರದ ಪ್ರತಿಯೊಂದು ತುಣುಕಿನ ಉದ್ದಕ್ಕೂ ಅಗಲಕ್ಕೂ ಅರ್ಥವುಂಟು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ತರಂಗವು ತಾಮ್ರದ ಒಳಗೆ ಹರಿಯುವುದೆಂದು ನಾವು ಸಾಮಾನ್ಯವಾಗಿ ಊಹಿಸಿಕೊಳ್ಳುತ್ತೇವೆ. ವಾಸ್ತವವಾಗಿ ಅದರ ಶಕ್ತಿಯೆಲ್ಲ ಇರುವುದು ಮೇಲಿನ ಗೆರೆಗೂ ಕೆಳಗಿನ ತಾಮ್ರದ ಹಾಸಿಗೂ ನಡುವಣ ಜಾಗದಲ್ಲಿ. ತಾಮ್ರವು ನದಿಯ ದಡಗಳಂತೆ ಎಲ್ಲೆಯನ್ನು ಕಟ್ಟಿಕೊಡುವುದು. ಪ್ರವಾಹವು ಹರಿಯುವುದು ದಡಗಳ ನಡುವೆ. ಆ ನಡುವಣ ಜಾಗವನ್ನು ತುಂಬಿರುವುದಾದರೂ ಏನು? ನಾವು ಲೆಕ್ಕಕ್ಕೆ ತೆಗೆದುಕೊಳ್ಳದ ಹಲಗೆಯೇ!

ಕೊಳವೆಯಿಂದ ಹಲಗೆಗೆ

ಸೂಕ್ಷ್ಮ ತರಂಗಗಳ ಶಾಸ್ತ್ರ ನಮ್ಮ ದೇಶಕ್ಕೆ ಹೊಸದಲ್ಲ. ಆಚಾರ್ಯ ಜಗದೀಶಚಂದ್ರ ಬೋಸರು ೧೯ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ೫ ಮಿಲಿಮೀಟರಿನಷ್ಟು ಗಿಡ್ಡವಾದ ವಿದ್ಯುತ್ತರಂಗಗಳನ್ನು ಉತ್ಪಾದಿಸಿ ಪ್ರಯೋಗಗಳನ್ನು ನಡೆಯಿಸಿದರು. ಅಷ್ಟೇ ಅಲ್ಲ, ಗಂಧಕ, ಗಾಜು ಮುಂತಾದ ಅವಾಹಕಗಳಲ್ಲಿ ಆ ತರಂಗಗಳು ಎಷ್ಟು ಬಾಗುವುವೆಂಬುದನ್ನು ಅಳೆದರು. ಗಂಧಕದ ವಕ್ರೀಭವನಾಂಕವನ್ನು ಕುರಿತ ಅವರ ಪ್ರಬಂಧ ೧೮೯೫ರದು. ಇಂದು ಹಲಗೆಯ ದ್ರವ್ಯಗಳನ್ನು ಪರೀಕ್ಷಿಸುವವರು ಮಾಡುವುದೂ ಸಾರದಲ್ಲಿ ಇದೇ ಕೆಲಸವನ್ನು.

೧೯೪೦ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ರ‍್ಯಾಂಡಲ್ ಮತ್ತು ಬೂಟ್ ಎಂಬ ವಿಜ್ಞಾನಿಗಳು ರಚಿಸಿದ ಮ್ಯಾಗ್ನೆಟ್ರಾನ್ ಎಂಬ ಸಾಧನ ಸುಮಾರು ೧೦ ಸೆಂಟಿಮೀಟರಿನ ತರಂಗಗಳನ್ನು ಪ್ರಬಲವಾಗಿ ಉಂಟುಮಾಡಿತು. ಅದರಿಂದ ರೇಡಾರಿಗೆ ಹೊಸ ಕಣ್ಣು ಬಂದಿತು. ಆಗ ಈ ತರಂಗಗಳನ್ನು ಸಾಗಿಸುತ್ತಿದ್ದುದು ಲೋಹದ ಪೊಳ್ಳು ಕೊಳವೆಗಳಲ್ಲಿ. ಕೊಳವೆಯೊಳಗಿರುವುದು ಗಾಳಿ, ಆದುದರಿಂದ ನಷ್ಟ ಬಹಳ ಕಡಿಮೆ. ಆದರೆ ಕೊಳವೆ ಭಾರ, ಬೆಲೆಯೂ ಹೆಚ್ಚು. ೧೯೫೨ರಲ್ಲಿ ಅಮೆರಿಕದ ಗ್ರೀಗ್ ಮತ್ತು ಎಂಗಲ್‌ಮನ್ ಎಂಬ ಇಂಜಿನಿಯರುಗಳು ಅವಾಹಕ ಹಲಗೆಯ ಒಂದು ಮುಖದಲ್ಲಿ ತಾಮ್ರದ ಪಟ್ಟಿಯನ್ನೂ ಇನ್ನೊಂದು ಮುಖದಲ್ಲಿ ಪೂರ್ತಿ ತಾಮ್ರದ ಹಾಸನ್ನೂ ಇಟ್ಟು ಸೂಕ್ಷ್ಮ ತರಂಗಗಳನ್ನು ಸಾಗಿಸುವ ಬಗೆಯನ್ನು ಪ್ರಕಟಿಸಿದರು. ಮೈಕ್ರೋಸ್ಟ್ರಿಪ್ ಎಂಬ ಹೆಸರಿನ ಈ ಪಟ್ಟಿಯೇ ಇಂದು ಎಲ್ಲೆಲ್ಲಿಯೂ ಕಾಣುವುದು. ಕೊಳವೆ ಹೋಗಿ ಹಲಗೆ ಬಂದಿತು. ಗಾಳಿ ಇದ್ದ ಜಾಗಕ್ಕೆ ರಾಳವೋ ಪ್ಲಾಸ್ಟಿಕ್ಕೋ ಬಂದಿತು. ದ್ರವ್ಯದ ಆಯ್ಕೆಯೆಂಬ ಸಮಸ್ಯೆ ಹುಟ್ಟಿದುದು ಹೀಗೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಈ ಶಾಸ್ತ್ರವನ್ನು ಬೆಳೆಯಿಸಿದವರಲ್ಲಿ ಶ್ರೀಮತಿ ರಾಜೇಶ್ವರಿ ಚಟರ್ಜಿಯವರನ್ನು ಇಲ್ಲಿ ನೆನೆಯುವುದು ಉಚಿತ. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರೆಂದು ಪ್ರಸಿದ್ಧರಾದ ಅವರು (೧೯೨೨-೨೦೧೦) ತಮ್ಮ ಪತಿ ಎಸ್. ಕೆ. ಚಟರ್ಜಿಯವರೊಡನೆ ಸೂಕ್ಷ್ಮ ತರಂಗಗಳನ್ನೂ ಆಂಟೆನಾಗಳನ್ನೂ ಕುರಿತು ಸಂಶೋಧನೆ ನಡೆಯಿಸಿದರು. ಅವಾಹಕ ದ್ರವ್ಯಗಳಿಂದ ರಚಿಸಿದ ಆಂಟೆನಾಗಳು ಅವರ ವಿಶೇಷ ಅಭ್ಯಾಸದ ವಿಷಯವಾಗಿದ್ದುವು.

ಮೊದಲನೆಯ ಗುಣ: ಪರಾವೈದ್ಯುತ ಸ್ಥಿರಾಂಕ

ಎರಡು ಲೋಹದ ತಗಡುಗಳನ್ನು ಎದುರುಬದುರಾಗಿಟ್ಟು ನಡುವೆ ಗಾಜಿನ ಹಲ್ಲೆಯನ್ನು ತೂರಿಸಿದರೆ ಅವು ಹಿಡಿಯುವ ವಿದ್ಯುದಂಶ ಹಲವು ಮಡಿ ಹೆಚ್ಚುವುದೆಂಬುದನ್ನು ನಾವು ಕಾಲೇಜಿನ ಮೊದಲ ವರ್ಷದಲ್ಲಿಯೇ ತೋರಿಸುತ್ತೇವೆ. ಎಷ್ಟು ಮಡಿ ಹೆಚ್ಚುವುದೋ ಆ ಸಂಖ್ಯೆಗೆ ಪರಾವೈದ್ಯುತ ಸ್ಥಿರಾಂಕವೆಂದು ಹೆಸರು. ಗಾಳಿಗೆ ಇದು ಹೆಚ್ಚುಕಡಿಮೆ ೧, ಟೆಫ್ಲಾನಿಗೆ ೨.೧, ಎಫ್‌ಆರ್-೪ ಹಲಗೆಗೆ ೪.೨ರಿಂದ ೪.೮, ಅಲ್ಯೂಮಿನಾ ಎಂಬ ಪಿಂಗಾಣಿಯಂಥ ದ್ರವ್ಯಕ್ಕೆ ೧೦ರ ಹತ್ತಿರ, ನೀರಿಗೆ ಸುಮಾರು ೮೦.

ಈ ಸಂಖ್ಯೆಯ ವರ್ಗಮೂಲದಷ್ಟು ಪ್ರಮಾಣದಲ್ಲಿ ತರಂಗದ ವೇಗ ಕುಗ್ಗುವುದು. ಸ್ಥಿರಾಂಕ ೪ ಇದ್ದರೆ ವೇಗ ಅರ್ಧ, ತರಂಗದ ಉದ್ದವೂ ಅರ್ಧ. ಆದುದರಿಂದ ಸ್ಥಿರಾಂಕ ಹೆಚ್ಚಾದಷ್ಟೂ ಯಂತ್ರ ಕಿರಿದಾಗುವುದು. ಜಾಗವಿಲ್ಲದ ಕಡೆ ಅಲ್ಯೂಮಿನಾವನ್ನು ಬಳಸುವುದು ಇದಕ್ಕಾಗಿಯೇ. ಆದರೆ ಆಂಟೆನಾಗಳಿಗೆ ಈ ಲಾಭ ಒಗ್ಗದು. ಸ್ಥಿರಾಂಕ ಹೆಚ್ಚಾದ ದ್ರವ್ಯ ತರಂಗವನ್ನು ತನ್ನೊಳಗೇ ಬಿಗಿಹಿಡಿಯುವುದು, ಹೊರಗೆ ಹೋಗಗೊಡದು. ಆಂಟೆನಾದ ಧರ್ಮವೇ ತರಂಗವನ್ನು ಹೊರಕ್ಕೆ ಕಳುಹಿಸುವುದಾದುದರಿಂದ ಅಲ್ಲಿ ಕಡಿಮೆ ಸ್ಥಿರಾಂಕದ ಹಲಗೆಯೇ ಯೋಗ್ಯ.

ಸ್ಥಿರಾಂಕವೆಂಬ ಹೆಸರನ್ನು ನೋಡಿ ಮೋಸಹೋಗಬಾರದು. ಅದು ಎಲ್ಲ ಕಾಲಕ್ಕೂ ಸ್ಥಿರವಾಗಿರತಕ್ಕುದಲ್ಲ. ನಿಧಾನವಾಗಿ ಕಂಪಿಸುವ ವಿದ್ಯುತ್ತಿಗೆ ನೀರಿನ ಸ್ಥಿರಾಂಕ ೮೦. ಬೆಳಕೂ ವಿದ್ಯುತ್ಕಾಂತ ತರಂಗವೇ. ಅದಕ್ಕೆ ನೀರಿನ ವಕ್ರೀಭವನಾಂಕ ೧.೩೩, ಅದರ ವರ್ಗ ಸುಮಾರು ೧.೭೭. ಎಲ್ಲಿಯ ೮೦, ಎಲ್ಲಿಯ ೧.೭೭! ಕಂಪನ ಹೆಚ್ಚಿದಂತೆ ನೀರಿನ ಅಣುಗಳು ಅದರ ತಾಳಕ್ಕೆ ಹೆಜ್ಜೆಹಾಕಲಾರದೆ ಹಿಂದುಳಿಯುವುದೇ ಇದಕ್ಕೆ ಕಾರಣ. ಹಲಗೆಯ ದ್ರವ್ಯಗಳಲ್ಲಿಯೂ, ಇಷ್ಟು ಪ್ರಬಲವಾಗಿ ಅಲ್ಲದಿದ್ದರೂ, ಇದೇ ಬಗೆಯ ವ್ಯತ್ಯಾಸ ಕಾಣುವುದು. ಆದುದರಿಂದ ತಯಾರಕರು ಕೊಡುವ ಪಟ್ಟಿಯಲ್ಲಿ ಸ್ಥಿರಾಂಕವನ್ನು ಓದುವಾಗ ಅದನ್ನು ಯಾವ ಕಂಪನದಲ್ಲಿ ಅಳೆದುದೆಂದು ಕೇಳಲೇಬೇಕು. ೧ ಮೆಗಾಹರ್ಟ್ಸಿನಲ್ಲಿ ಅಳೆದ ಸಂಖ್ಯೆಯನ್ನು ನಂಬಿ ೧೦ ಗಿಗಾಹರ್ಟ್ಸಿನ ಯಂತ್ರವನ್ನು ರಚಿಸಿದರೆ ಯಂತ್ರ ಬೇರೆಯೇ ಶ್ರುತಿಯಲ್ಲಿ ಹಾಡುವುದು.

ಎರಡನೆಯ ಗುಣ: ನಷ್ಟ

ಅಡುಗೆಮನೆಯ ಮೈಕ್ರೋವೇವ್ ಒಲೆಯನ್ನು ಈಗ ಬಹುಜನರು ಕಂಡಿದ್ದಾರೆ. ಅದರಲ್ಲಿ ಸೆಕೆಂಡಿಗೆ ೨೪೫ ಕೋಟಿ ಸಲ ಕಂಪಿಸುವ ತರಂಗಗಳು ಆಹಾರದೊಳಗಿನ ನೀರಿನ ಅಣುಗಳನ್ನು ಅತ್ತ ಇತ್ತ ತಿರುಗಿಸುವುವು. ಆ ತಿರುಗಾಟದ ಘರ್ಷಣೆಯಿಂದ ಆಹಾರ ಬಿಸಿಯಾಗುವುದು. ಒಂದು ತುದಿ ಧನ, ಇನ್ನೊಂದು ತುದಿ ಋಣವಾಗಿರುವ ಅಣುಗುಂಪುಗಳು ಎಪಾಕ್ಸಿ ರಾಳದಲ್ಲಿಯೂ ಧಾರಾಳವಾಗಿವೆ. ತರಂಗ ಹಾಯುವಾಗ ಅವೂ ತೂಗಾಡಿ, ತರಂಗದ ಶಕ್ತಿಯನ್ನು ಶಾಖವನ್ನಾಗಿ ಮಾರ್ಪಡಿಸುವುವು. ಒಲೆಯಲ್ಲಿ ಬೇಕಾದುದೇ ಹಲಗೆಯಲ್ಲಿ ಬೇಡವಾದುದು.

ಈ ದೋಷವನ್ನು ಅಳೆಯುವ ಸಂಖ್ಯೆಯನ್ನು ನಷ್ಟಾಂಕವೆಂದು ಕರೆಯೋಣ. ಎಫ್‌ಆರ್-೪ರ ನಷ್ಟಾಂಕ ಸುಮಾರು ೦.೦೨, ಗಾಜಿನ ಎಳೆಗಳನ್ನು ಬೆರಸಿದ ಉತ್ತಮ ಟೆಫ್ಲಾನ್ ಹಲಗೆಯದು ೦.೦೦೧ಕ್ಕೂ ಕಡಿಮೆ. ಎರಡೂ ಸಣ್ಣ ಸಂಖ್ಯೆಗಳೇ; ಇವುಗಳ ಅಂತರದಿಂದ ಏನಾದೀತು ಎನ್ನಬಹುದು. ಲೆಕ್ಕಹಾಕಿ ನೋಡೋಣ. ತರಂಗವು ಪೂರ್ತಿಯಾಗಿ ಹಲಗೆಯೊಳಗೇ ಸಾಗುವುದೆಂದೂ ತಾಮ್ರದಲ್ಲಿ ನಷ್ಟವೇ ಇಲ್ಲವೆಂದೂ ಸದ್ಯಕ್ಕೆ ಭಾವಿಸೋಣ. ೧ ಮೆಗಾಹರ್ಟ್ಸಿನ ತರಂಗ ಎಫ್‌ಆರ್-೪ ಹಲಗೆಯಲ್ಲಿ ೧೦ ಸೆಂಟಿಮೀಟರು ಸಾಗಿದರೆ ಶೇಕಡ ೯೯.೯೯ ಭಾಗ ಉಳಿಯುವುದು. ೧೦ ಗಿಗಾಹರ್ಟ್ಸಿನ ತರಂಗ ಅಷ್ಟೇ ದೂರವನ್ನು ಸಾಗಿದರೆ ಉಳಿಯುವುದು ಶೇಕಡ ೪೨ ಮಾತ್ರ. ಅದೇ ತರಂಗ ಟೆಫ್ಲಾನ್ ಹಲಗೆಯಲ್ಲಿ ಸಾಗಿದ್ದರೆ ಶೇಕಡ ೯೭ ಭಾಗ ಉಳಿಯುತ್ತಿದ್ದಿತು. ನಷ್ಟವು ಕಂಪನದೊಡನೆ ಬೆಳೆಯುವುದೇ ಇದರ ಗುಟ್ಟು: ಪ್ರತಿಯೊಂದು ತೂಗಾಟಕ್ಕೂ ಅಣುಗಳು ತಮ್ಮ ಸುಂಕವನ್ನು ವಸೂಲುಮಾಡುವುವು, ತೂಗಾಟಗಳು ಹೆಚ್ಚಿದಷ್ಟೂ ಸುಂಕವೂ ಹೆಚ್ಚು.

ಕಳೆದುಹೋದುದನ್ನು ವರ್ಧಕದಿಂದ ಮತ್ತೆ ಹಿಗ್ಗಿಸಬಾರದೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಹಿಗ್ಗಿಸಬಹುದು, ಆದರೆ ಜೊತೆಗೆ ಗದ್ದಲವೂ ಹಿಗ್ಗುವುದು. ಮಾಳಿಗೆಯ ಬೋಗುಣಿಗೆ ಬರುವ ಸಂಕೇತ ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರು ಮೇಲಿರುವ ಉಪಗ್ರಹದಿಂದ ಹೊರಟುದು. ಇಲ್ಲಿಗೆ ತಲಪುವ ಹೊತ್ತಿಗೆ ಅದು ಅತ್ಯಂತ ಕ್ಷೀಣವಾಗಿರುವುದು. ಮೊದಲನೆಯ ವರ್ಧಕವನ್ನು ಮುಟ್ಟುವ ಮುನ್ನವೇ ಹಲಗೆಯಲ್ಲಿ ಶೇಕಡ ೧೧ ಭಾಗ ಕಳೆದುಹೋಯಿತೆಂದರೆ ಸಂಕೇತ ಕುಗ್ಗುವುದಷ್ಟೇ ಅಲ್ಲ, ನಷ್ಟವನ್ನುಂಟುಮಾಡಿದ ದ್ರವ್ಯವೇ ತನ್ನ ಶಾಖದ ಗದ್ದಲವನ್ನು ಅದಕ್ಕೆ ಸೇರಿಸುವುದು. ತಿಳಿಯಾದ ಆಕಾಶದಿಂದ ಬರುವ ಗದ್ದಲಕ್ಕೆ ಹೋಲಿಸಬಹುದಾದಷ್ಟು ದೊಡ್ಡದು ಆ ಗದ್ದಲ. ಮುಂದೆ ಎಷ್ಟು ವರ್ಧಕಗಳನ್ನಿಟ್ಟರೂ ಇವೆರಡನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಕೊಡದಿಂದ ಚೆಲ್ಲಿದ ನೀರನ್ನು ಮಣ್ಣುಸಮೇತ ಬಳಿದು ತುಂಬಿದಂತಾಗುವುದು.

ಟೆಫ್ಲಾನಿನ ಗುಣವೂ ದೋಷವೂ

ಕಡಿಮೆ ನಷ್ಟದ ದ್ರವ್ಯಗಳಲ್ಲಿ ಅಗ್ರಗಣ್ಯವಾದ ಟೆಫ್ಲಾನ್ ಆಕಸ್ಮಿಕವಾಗಿ ದೊರೆತುದು. ೧೯೩೮ರ ಏಪ್ರಿಲ್ ೬ರಂದು ಅಮೆರಿಕದ ಡ್ಯೂಪಾಂಟ್ ಸಂಸ್ಥೆಯ ರಾಯ್ ಪ್ಲಂಕೆಟ್ ಎಂಬ ರಸಾಯನ ವಿಜ್ಞಾನಿ ಶೈತ್ಯಕಗಳನ್ನು ಕುರಿತು ಕೆಲಸಮಾಡುತ್ತಿದ್ದಾಗ, ಅನಿಲ ತುಂಬಿದ್ದ ಉರುಳೆಯೊಂದರಿಂದ ಅನಿಲವೇ ಹೊರಬರಲಿಲ್ಲ. ತೂಗಿ ನೋಡಿದರೆ ಉರುಳೆ ಬರಿದಾಗಿರಲಿಲ್ಲ. ಅದನ್ನು ಗರಗಸದಿಂದ ಕೊಯ್ದು ನೋಡಲಾಗಿ ಒಳಗೆ ಮೇಣದಂಥ ಬಿಳಿಯ ಪುಡಿ ಕಂಡಿತು. ಅನಿಲದ ಅಣುಗಳು ತಾವೇ ಸರಪಣಿಯಾಗಿ ಹೆಣೆದುಕೊಂಡು ಘನವಸ್ತುವಾಗಿದ್ದುವು.

ಟೆಫ್ಲಾನಿನ ಅಣುವೆಂದರೆ ಇಂಗಾಲದ ಉದ್ದವಾದ ಸರಪಣಿ. ಅದರ ಸುತ್ತ ಫ್ಲೋರೀನ್ ಪರಮಾಣುಗಳ ಕವಚ. ಇಂಗಾಲ ಫ್ಲೋರೀನುಗಳ ಬಂಧದಲ್ಲಿ ಧನ ಋಣಗಳ ಭೇದ ಬಹಳವಾಗಿಯೇ ಇದೆ. ಹಾಗಾದರೆ ನಷ್ಟವೂ ಹೆಚ್ಚಬೇಕಾಗಿದ್ದಿತಲ್ಲವೆ? ಆದರೆ ಫ್ಲೋರೀನುಗಳು ಸರಪಣಿಯ ಸುತ್ತ ಸಮವಾಗಿ ಹರಡಿರುವುದರಿಂದ ಒಂದರ ಎಳೆತವನ್ನು ಇನ್ನೊಂದು ರದ್ದುಗೊಳಿಸುವುದು. ತರಂಗಕ್ಕೆ ಹಿಡಿದು ತಿರುಗಿಸಲು ಹಿಡಿಯೇ ಸಿಕ್ಕುವುದಿಲ್ಲ. ತಿರುಗಾಟವಿಲ್ಲದ ಕಡೆ ಶಾಖವೂ ಇಲ್ಲ.

ಇಷ್ಟು ಒಳ್ಳೆಯ ದ್ರವ್ಯವನ್ನು ಎಲ್ಲ ಕಡೆಯೂ ಬಳಸದಿರುವುದೇಕೆ? ದೋಸೆಯ ಕಾವಲಿಗೆ ಟೆಫ್ಲಾನನ್ನು ಲೇಪಿಸುವುದು ಹಿಟ್ಟು ಅಂಟದಿರಲೆಂದು. ಹಿಟ್ಟು ಅಂಟದ ಮೇಲೆ ತಾಮ್ರ ತಾನೆ ಹೇಗೆ ಅಂಟೀತು? ಹಲಗೆಯಲ್ಲಿ ಕೊರೆದ ರಂಧ್ರದ ಗೋಡೆಗೆ ತಾಮ್ರ ಹಿಡಿಯಬೇಕಾದರೆ ಮೊದಲು ಸೋಡಿಯಮ್ಮಿನ ಉಗ್ರವಾದ ದ್ರಾವಣದಿಂದಲೋ ಪ್ಲಾಸ್ಮಾದಿಂದಲೋ ಆ ಗೋಡೆಯನ್ನು ಸಂಸ್ಕರಿಸಬೇಕು. ಇದು ವೆಚ್ಚದ ಕೆಲಸ. ಟೆಫ್ಲಾನ್ ಮೃದು, ಒತ್ತಿದರೆ ತಗ್ಗುವುದು, ಕೊರೆದರೆ ಬಳಿದುಕೊಳ್ಳುವುದು. ಶಾಖಕ್ಕೆ ಅದು ಹಿಗ್ಗುವ ಪ್ರಮಾಣ ತಾಮ್ರದ ಹಲವು ಮಡಿ. ಹಲಗೆ ಹಿಗ್ಗಿದಾಗ ರಂಧ್ರದೊಳಗಿನ ತೆಳುವಾದ ತಾಮ್ರದ ಕೊಳವೆ ಅಷ್ಟು ಹಿಗ್ಗಲಾರದೆ ಬಿರಿಯುವ ಭಯವುಂಟು.

ಇನ್ನೊಂದು ವಿಚಿತ್ರವಾದ ದೋಷವೂ ಇದೆ. ೧೯ ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಟೆಫ್ಲಾನಿನ ಹರಳುಗಳ ಜೋಡಣೆಯೇ ಮಾರ್ಪಡುವುದು. ಆಗ ಅದರ ಗಾತ್ರ ಸುಮಾರು ಶೇಕಡ ೧ರಷ್ಟು ಹೆಚ್ಚುವುದು, ಪರಾವೈದ್ಯುತ ಸ್ಥಿರಾಂಕವೂ ತುಸು ಜಾರುವುದು. ಡಿಸೆಂಬರಿನಲ್ಲಿ ಬೆಂಗಳೂರಿನ ಮುಂಜಾವು ೧೯ ಡಿಗ್ರಿಗಿಂತ ತಣ್ಣಗಿರುವುದು, ಮಧ್ಯಾಹ್ನ ಅದಕ್ಕಿಂತ ಬೆಚ್ಚಗಿರುವುದು. ಮಾಳಿಗೆಯ ಮೇಲಿನ ಶುದ್ಧ ಟೆಫ್ಲಾನಿನ ತುಂಡೊಂದು ನಮ್ಮ ಊರಿನ ಚಳಿಗಾಲದಲ್ಲಿ ಈ ಹೊಸ್ತಿಲನ್ನು ದಿನಕ್ಕೆ ಎರಡು ಸಲ ದಾಟುವುದೆಂದಾಯಿತು. ಗಾಜಿನ ಎಳೆಗಳನ್ನೂ ಪಿಂಗಾಣಿಯ ನುಣ್ಣನೆಯ ಪುಡಿಯನ್ನೂ ಬೆರಸಿ ಈ ದೋಷಗಳನ್ನು ಬಹುಮಟ್ಟಿಗೆ ತಗ್ಗಿಸಬಹುದು. ಆದರೆ ಬೆಲೆ ಏರುವುದು.

ಮಳೆಗಾಲದ ವಿಷಯದಲ್ಲಿ ಮಾತ್ರ ಟೆಫ್ಲಾನನ್ನು ಮೆಚ್ಚಬೇಕು. ಅದು ನೀರನ್ನು ಹೀರುವುದೇ ಇಲ್ಲವೆನ್ನಬಹುದು. ಎಪಾಕ್ಸಿ ಹಲಗೆ ತೇವದ ಗಾಳಿಯಲ್ಲಿ ಅಲ್ಪಸ್ವಲ್ಪ ನೀರನ್ನು ಹೀರುವುದು. ನೀರಿನ ಸ್ಥಿರಾಂಕವೂ ನಷ್ಟವೂ ಎಷ್ಟು ದೊಡ್ಡವೆಂಬುದನ್ನು ಬಲ್ಲ ನಮಗೆ ಆ ಅಲ್ಪವೂ ಅಲ್ಪವಲ್ಲ.

ತಾಮ್ರದ ಮುಖ, ಬಟ್ಟೆಯ ನೆಯ್ಗೆ

ಹಲಗೆಯ ದ್ರವ್ಯ ಉತ್ತಮವಾಗಿದ್ದರೆ ಸಾಲದು. ಅದಕ್ಕೆ ಅಂಟಿಸಿದ ತಾಮ್ರದ ಮುಖವೂ ನಯವಾಗಿರಬೇಕು. ಕಂಪನ ಹೆಚ್ಚಿದಂತೆ ವಿದ್ಯುತ್ತು ಲೋಹದ ಒಳಗೆ ಇಳಿಯದೆ ಮೈಮೇಲೆಯೇ ಹರಿಯುವುದು. ೫೦ ಹರ್ಟ್ಸಿನಲ್ಲಿ ಅದು ತಾಮ್ರದೊಳಕ್ಕೆ ೯ ಮಿಲಿಮೀಟರಿನಷ್ಟು ಇಳಿಯುವುದು. ೧೦ ಗಿಗಾಹರ್ಟ್ಸಿನಲ್ಲಿ ಕೇವಲ ೦.೬೬ ಮೈಕ್ರೋಮೀಟರು. ಇದು ನಮ್ಮ ತಲೆಗೂದಲಿನ ದಪ್ಪದ ನೂರರಲ್ಲೊಂದು ಭಾಗ. ರಾಳಕ್ಕೆ ಚೆನ್ನಾಗಿ ಕಚ್ಚಿಕೊಳ್ಳಲೆಂದು ಸಾಮಾನ್ಯ ತಾಮ್ರದ ಹಾಳೆಯ ಒಳಮುಖವನ್ನು ಉದ್ದೇಶಪೂರ್ವಕವಾಗಿ ಒರಟು ಮಾಡಿರುವರು. ಅದರ ಹಲ್ಲುಗಳು ಕೆಲವು ಮೈಕ್ರೋಮೀಟರು ಎತ್ತರ. ಅರ್ಧ ಮೈಕ್ರೋಮೀಟರಿನ ಪದರದಲ್ಲಿ ಹರಿಯುವ ವಿದ್ಯುತ್ತಿಗೆ ಅವು ಬೆಟ್ಟಗುಡ್ಡಗಳೇ ಸರಿ. ಪ್ರತಿಯೊಂದನ್ನೂ ಹತ್ತಿ ಇಳಿಯಬೇಕಾಗಿ ಬಂದು ತಾಮ್ರದ ನಷ್ಟ ಎರಡರಷ್ಟರವರೆಗೂ ಏರಬಹುದು. ನಯವಾದ ತಾಮ್ರವನ್ನು ಬಳಸಿದರೆ ನಷ್ಟ ತಗ್ಗುವುದು, ಆದರೆ ಹಿಡಿತ ಸಡಿಲವಾಗುವುದು. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕು.

ಗಾಜಿನ ಬಟ್ಟೆಯಿಂದಲೂ ತೊಂದರೆಯುಂಟು. ಗಾಜಿನ ಸ್ಥಿರಾಂಕ ಸುಮಾರು ೬, ರಾಳದ್ದು ಅದರ ಅರ್ಧದ ಸುಮಾರು. ತಾಮ್ರದ ಗೆರೆ ಗಾಜಿನ ಎಳೆಗಳ ಕಟ್ಟಿನ ಮೇಲೆ ಹಾದುಹೋದರೆ ತರಂಗದ ವೇಗ ಒಂದು ಬಗೆ, ಎಳೆಗಳ ನಡುವಣ ರಾಳದ ಮೇಲೆ ಹಾದುಹೋದರೆ ಇನ್ನೊಂದು ಬಗೆ. ತರಂಗ ಉದ್ದವಾಗಿರುವಾಗ ಈ ಭೇದ ಸರಾಸರಿಯಲ್ಲಿ ಮುಚ್ಚಿಹೋಗುವುದು. ತರಂಗ ಕೆಲವೇ ಮಿಲಿಮೀಟರಿನದಾದಾಗ ಎದ್ದು ಕಾಣುವುದು. ಆದುದರಿಂದ ಅತ್ಯಂತ ಗಿಡ್ಡ ತರಂಗಗಳಿಗೆ ಎಳೆಗಳನ್ನು ಚಪ್ಪಟೆಯಾಗಿ ಹರಡಿದ ಬಟ್ಟೆಯನ್ನೋ, ಬಟ್ಟೆಯೇ ಇಲ್ಲದ ಹಲಗೆಯನ್ನೋ ಆರಿಸುವುದು ರೂಢಿ.

ಅರ್ಧ ಡಿಗ್ರಿಯ ಬೆಲೆ

ಇಷ್ಟೊಂದು ಸೂಕ್ಷ್ಮತೆ ನಿಜವಾಗಿಯೂ ಅಗತ್ಯವೇ ಎಂಬ ಸಂದೇಹಕ್ಕೆ ಮೋಟಾರು ಕಾರಿನ ರೇಡಾರು ಉತ್ತರ ಹೇಳುವುದು. ಮುಂದಿನ ವಾಹನವನ್ನು ಕಂಡು ತಾನಾಗಿಯೇ ವೇಗವನ್ನು ತಗ್ಗಿಸುವ ಕಾರುಗಳು ಈಗ ನಮ್ಮ ರಸ್ತೆಗಳಲ್ಲಿಯೂ ಓಡಾಡುತ್ತಿವೆ. ಅವುಗಳ ರೇಡಾರು ಕೆಲಸಮಾಡುವುದು ಸುಮಾರು ೭೭ ಗಿಗಾಹರ್ಟ್ಸಿನಲ್ಲಿ. ಗಾಳಿಯಲ್ಲಿ ಆ ತರಂಗದ ಉದ್ದ ೪ ಮಿಲಿಮೀಟರಿಗೂ ಕಡಿಮೆ. ಆಂಟೆನಾ ಬೇರೆಯಾಗಿ ಇರುವುದಿಲ್ಲ. ಹಲಗೆಯ ಮೇಲೆ ಕೊರೆದ ತಾಮ್ರದ ಪುಟ್ಟ ಚೌಕಗಳ ಸಾಲೇ ಆಂಟೆನಾ. ಒಂದು ಚೌಕದಿಂದ ಇನ್ನೊಂದಕ್ಕೆ ಸರಿಯಾಗಿ ಒಂದು ತರಂಗದ ಅಂತರವಿರುವಂತೆ ಜೋಡಿಸಿದರೆ ಎಲ್ಲ ಚೌಕಗಳೂ ಒಟ್ಟಾಗಿ ಕಂಪಿಸಿ ಕಿರಣ ನೆಟ್ಟಗೆ ಮುಂದಕ್ಕೆ ಹೋಗುವುದು.

ಹಲಗೆಯ ಸ್ಥಿರಾಂಕ ೩ ಎಂದು ನಂಬಿ ಈ ಅಂತರಗಳನ್ನು ಗೊತ್ತುಮಾಡಿದೆವೆಂದೂ, ನಿಜವಾದ ಸ್ಥಿರಾಂಕ ಅದಕ್ಕಿಂತ ಶೇಕಡ ೧ರಷ್ಟು ಬೇರೆಯಾಗಿದ್ದಿತೆಂದೂ ಇಟ್ಟುಕೊಳ್ಳೋಣ. ತರಂಗದ ವೇಗ ಶೇಕಡ ಅರ್ಧದಷ್ಟು ಬದಲಾಗುವುದು. ಪ್ರತಿಯೊಂದು ಚೌಕವೂ ತನ್ನ ಹಿಂದಿನದಕ್ಕಿಂತ ಅಷ್ಟು ತಡವಾಗಿಯೋ ಬೇಗನೆಯೋ ಕಂಪಿಸುವುದು. ಸ್ಥೂಲವಾಗಿ ಲೆಕ್ಕಹಾಕಿದರೆ ಕಿರಣ ಅರ್ಧ ಡಿಗ್ರಿಯಷ್ಟು ವಾಲುವುದು. ೧೦೦ ಮೀಟರು ದೂರದಲ್ಲಿ ಅದರ ಮಧ್ಯಭಾಗ ಸುಮಾರು ೯೦ ಸೆಂಟಿಮೀಟರು ಮೇಲಕ್ಕೋ ಕೆಳಕ್ಕೋ ಸರಿಯುವುದು. ಸ್ಥಿರಾಂಕದ ವ್ಯತ್ಯಾಸ ಶೇಕಡ ೬ ಆದರೆ ಕಿರಣ ೩ ಡಿಗ್ರಿ ವಾಲಿ, ಅಷ್ಟೇ ದೂರದಲ್ಲಿ ೫ ಮೀಟರಿಗೂ ಹೆಚ್ಚು ಸರಿಯುವುದು. ಮುಂದಿನ ಕಾರನ್ನು ನೋಡಬೇಕಾದ ಕಣ್ಣು ಅದರ ತಲೆಯ ಮೇಲಿನ ಆಕಾಶವನ್ನು ನೋಡುತ್ತಿರುವುದು! ಎಫ್‌ಆರ್-೪ ಹಲಗೆಗಳಲ್ಲಿ ತಯಾರಕರಿಂದ ತಯಾರಕರಿಗೆ, ರಾಳದ ಪ್ರಮಾಣದಿಂದ ಪ್ರಮಾಣಕ್ಕೆ, ಸ್ಥಿರಾಂಕ ೪.೨ರಿಂದ ೪.೮ರವರೆಗೆ ಬದಲಾಗುವುದೆಂದು ಮೇಲೆ ಹೇಳಿದೆವು. ಆ ವ್ಯತ್ಯಾಸ ನಡುವಣ ಸಂಖ್ಯೆಯಿಂದ ಆಚೀಚೆಗೆ ಶೇಕಡ ೬ಕ್ಕೂ ಹೆಚ್ಚು. ಸಾಧಾರಣ ರೇಡಿಯೋದಲ್ಲಿ ಯಾರಿಗೂ ತಿಳಿಯದೆ ಹೋಗುವ ಈ ಚಂಚಲತೆ ಇಲ್ಲಿ ಜೀವಕ್ಕೆ ಸಂಬಂಧಿಸಿದ ಪ್ರಶ್ನೆಯಾಗುವುದು.

ಇದರಿಂದ ಒಂದು ಮುಖ್ಯ ತತ್ತ್ವ ಹೊರಡುವುದು. ಸ್ಥಿರಾಂಕ ಇಂತಿಷ್ಟೇ ಇರಬೇಕೆಂಬುದಕ್ಕಿಂತ, ಇರುವಷ್ಟು ಎಲ್ಲೆಡೆಯೂ ಯಾವಾಗಲೂ ಒಂದೇ ಸಮನಾಗಿರಬೇಕೆಂಬುದೇ ಹೆಚ್ಚಿನದು. ಅದು ೩ ಇರಲಿ, ೩.೪ ಇರಲಿ, ಗೊತ್ತಿದ್ದರೆ ಅದಕ್ಕೆ ತಕ್ಕಂತೆ ಗೆರೆಗಳನ್ನು ಎಳೆಯಬಹುದು. ಗೊತ್ತಿಲ್ಲದುದಕ್ಕೆ ತಕ್ಕಂತೆ ಗೆರೆ ಎಳೆಯುವುದು ಯಾರಿಂದಲೂ ಸಾಧ್ಯವಿಲ್ಲ.

ಮಧ್ಯಮ ಮಾರ್ಗ

ಅಗ್ಗವಾದ ಎಪಾಕ್ಸಿಗೂ ದುಬಾರಿಯಾದ ಟೆಫ್ಲಾನಿಗೂ ನಡುವೆ ಮಧ್ಯಮ ಮಾರ್ಗವೊಂದುಂಟು. ಜಲಜನಕ ಇಂಗಾಲಗಳಿಂದಲೇ ಆದ ರಾಳಕ್ಕೆ ಪಿಂಗಾಣಿಯ ಪುಡಿಯನ್ನು ತುಂಬಿ ಗಾಜಿನ ಬಟ್ಟೆಯ ಆಸರೆ ಕೊಟ್ಟ ಹಲಗೆಗಳು ಈ ವರ್ಗಕ್ಕೆ ಸೇರಿದುವು. ಇವುಗಳ ಸ್ಥಿರಾಂಕ ಸುಮಾರು ೩.೪, ನಷ್ಟಾಂಕ ಸುಮಾರು ೦.೦೦೩. ಮೇಲಿನ ೧೦ ಸೆಂಟಿಮೀಟರಿನ ಲೆಕ್ಕದಲ್ಲಿ ೧೦ ಗಿಗಾಹರ್ಟ್ಸಿನ ತರಂಗದ ಶೇಕಡ ೯೦ ಭಾಗ ಇವುಗಳಲ್ಲಿ ಉಳಿಯುವುದು. ಟೆಫ್ಲಾನಿಗಿಂತ ಕೀಳು, ಎಪಾಕ್ಸಿಗಿಂತ ಬಹಳ ಮೇಲು. ಎಫ್‌ಆರ್-೪ ಹಲಗೆಯನ್ನು ಕೊರೆದು ಲೇಪಿಸುವ ಯಂತ್ರಗಳಲ್ಲಿಯೇ ಇವುಗಳನ್ನೂ ಸಂಸ್ಕರಿಸಬಹುದೆಂಬುದು ದೊಡ್ಡ ಅನುಕೂಲ. ಹಲವು ಪದರಗಳ ಹಲಗೆಯಲ್ಲಿ ಸೂಕ್ಷ್ಮ ತರಂಗ ಸಾಗುವ ಮೇಲಿನ ಪದರಕ್ಕೆ ಮಾತ್ರ ಉತ್ತಮ ದ್ರವ್ಯವನ್ನೂ, ವಿದ್ಯುತ್ ಸರಬರಾಜಿನ ಕೆಳಗಿನ ಪದರಗಳಿಗೆ ಎಫ್‌ಆರ್-೪ನ್ನೂ ಬಳಸುವ ಜಾಣತನವೂ ಉಂಟು. ರೇಷ್ಮೆಯ ಅಂಗಿಗೆ ಹತ್ತಿಯ ಒಳವಸ್ತ್ರವಿದ್ದಂತೆ.

ಎಫ್‌ಆರ್-೪ನ್ನು ಇಷ್ಟೆಲ್ಲ ಆಕ್ಷೇಪಿಸಿದುದರಿಂದ ಅದನ್ನು ತೊರೆಯಬೇಕೆಂದು ಅರ್ಥವಲ್ಲ. ಮನೆಯಲ್ಲಿ ನಿಸ್ತಂತು ಅಂತರ್ಜಾಲವನ್ನು ಹರಡುವ ಪೆಟ್ಟಿಗೆ ೨.೪ ಗಿಗಾಹರ್ಟ್ಸಿನಲ್ಲಿ ಕೆಲಸಮಾಡುವುದು. ಅದರ ಹಲಗೆಯಲ್ಲಿ ಸಂಕೇತ ಸಾಗುವುದು ಹೆಚ್ಚೆಂದರೆ ಕೆಲವು ಸೆಂಟಿಮೀಟರು. ೩ ಸೆಂಟಿಮೀಟರಿಗೆ ಲೆಕ್ಕಹಾಕಿದರೆ ಎಫ್‌ಆರ್-೪ರಲ್ಲಿಯೂ ಶೇಕಡ ೯೪ ಭಾಗ ಉಳಿಯುವುದು. ಅಲ್ಲಿ ಟೆಫ್ಲಾನನ್ನು ಹಾಕುವುದು ಕೊಡಲಿಯಿಂದ ಉಗುರು ತೆಗೆದಂತೆ.

ಆದುದರಿಂದ ಹಲಗೆಯನ್ನು ಆರಿಸುವವನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು: ತರಂಗದ ಕಂಪನ ಎಷ್ಟು? ಅದು ಹಲಗೆಯಲ್ಲಿ ಎಷ್ಟು ದೂರ ಸಾಗಬೇಕು? ಸಂಕೇತ ಪ್ರಬಲವೋ ಕ್ಷೀಣವೋ? ಯಂತ್ರ ಬಿಸಿಲು ಮಳೆಗಳಿಗೆ ಒಡ್ಡಿರುವುದೋ, ಕೋಣೆಯೊಳಗಿರುವುದೋ? ಸ್ಥಿರಾಂಕ ತುಸು ಜಾರಿದರೆ ಆಗುವ ಹಾನಿ ಎಂಥದು? ಕೊನೆಯದಾಗಿ, ಒಂದು ಯಂತ್ರವನ್ನು ಮಾಡಬೇಕೋ ಲಕ್ಷ ಯಂತ್ರಗಳನ್ನೋ? ಈ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ದ್ರವ್ಯ ಬಹುಮಟ್ಟಿಗೆ ತಾನಾಗಿಯೇ ಗೊತ್ತಾಗುವುದು. ಎಲ್ಲಕ್ಕೂ ಉತ್ತಮವಾದ ಹಲಗೆ ಎಂಬುದಿಲ್ಲ. ಇಂಥ ಕೆಲಸಕ್ಕೆ ತಕ್ಕುದಾದ ಹಲಗೆ ಎಂಬುದುಂಟು.

ನಮ್ಮ ದೇಶದಲ್ಲಿ ೨೦೨೨ರಲ್ಲಿ ದೂರವಾಣಿಯ ಐದನೆಯ ಪೀಳಿಗೆಗಾಗಿ ೨೬ ಗಿಗಾಹರ್ಟ್ಸಿನ ತರಂಗಗಳನ್ನೂ ಹರಾಜು ಹಾಕಿದರು. ಹಿಂದೆ ಪ್ರಯೋಗಶಾಲೆಗೂ ಸೈನ್ಯಕ್ಕೂ ಮೀಸಲಾಗಿದ್ದ ಗಿಡ್ಡ ತರಂಗಗಳು ಹೀಗೆ ದಿನಬಳಕೆಯತ್ತ ಬರುತ್ತಿವೆ. ನಮ್ಮ ತರುಣ ಇಂಜಿನಿಯರುಗಳು ಬಿಲ್ಲೆಗಳ ರಚನೆಯನ್ನು ಕಲಿಯುವಷ್ಟೇ ಶ್ರದ್ಧೆಯಿಂದ ಅವುಗಳನ್ನು ಹೊರುವ ದ್ರವ್ಯಗಳ ಸ್ವಭಾವವನ್ನೂ ಕಲಿಯುವುದು ಅವಶ್ಯಕ. ಅದಕ್ಕೆ ಬೇಕಾದ ಭೌತಶಾಸ್ತ್ರ ಹೊಸದೇನೂ ಅಲ್ಲ: ಎರಡು ತಗಡುಗಳ ನಡುವೆ ಗಾಜನ್ನಿಟ್ಟು ನೋಡುವ ಹಳೆಯ ಪಾಠದಲ್ಲಿಯೇ ಅದರ ಬೀಜವಿದೆ.